1.1 ಮಿಲಿಆಂಪಿಯರ್ ಒಂದು ಕಡೆ ಪಾಸು, ಇನ್ನೊಂದು ಕಡೆ ಫೇಲು

ಪ್ರಶ್ನೆ: ನಮಸ್ಕಾರ ಸರ್. ಬೆಳಗಾವಿಯ ಉದ್ಯಮಬಾಗದಲ್ಲಿ ಮನೆಬಳಕೆಯ ಹಿಟ್ಟಿನ ಗಿರಣಿ ತಯಾರಿಸುವ ಸಣ್ಣ ಘಟಕ ನಮ್ಮದು. ಕಳೆದ ವರ್ಷ ಒಂದು ಪ್ರಯೋಗಾಲಯದಲ್ಲಿ ಮನೆಬಳಕೆಯ ವಿದ್ಯುತ್ ಉಪಕರಣಗಳ ಸುರಕ್ಷತೆಯ ಭಾರತೀಯ ಮಾನಕ ಐಎಸ್ 302ರ ಪ್ರಕಾರ ಪರೀಕ್ಷೆ ಮಾಡಿಸಿದಾಗ ಲೀಕೇಜ್ ಕರೆಂಟ್ (ಒಳಗಿಂದ ಹೊರಮೈಗೆ ಸೋರುವ ವಿದ್ಯುತ್) 1.1 ಮಿಲಿಆಂಪಿಯರ್ ಬಂದು ಗಿರಣಿ ಪಾಸಾಗಿತ್ತು. ಮೋಟರನ್ನಾಗಲಿ ವೈರಿಂಗನ್ನಾಗಲಿ ಬದಲಿಸದೆ ಈ ವರ್ಷ ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿದೆವು. ಅಳತೆ ಹೆಚ್ಚುಕಡಿಮೆ ಅಷ್ಟೇ ಬಂದಿದ್ದರೂ ಫೇಲ್ ಎಂದು ವರದಿ ಬಂದಿದೆ. ಎರಡಕ್ಕೂ ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆಯಿದೆ. ಯಾರ ಮಾತನ್ನು ನಂಬಬೇಕು?

ಉತ್ತರ: ಅಳತೆಗಳು ಹೊಂದುತ್ತಿರುವುದರಿಂದ ಅವರ ಮೀಟರುಗಳ ಮೇಲೆ ಅನುಮಾನ ಬೇಡ, ವ್ಯತ್ಯಾಸವಿರುವುದು ಮಿತಿಯ ಆಯ್ಕೆಯಲ್ಲಿ. ಅರ್ಥಿಂಗ್ ಇರುವ ಕ್ಲಾಸ್ 1 ಉಪಕರಣವು ‘ಪೋರ್ಟಬಲ್’ ಆಗಿದ್ದರೆ ಮಿತಿ 0.75 ಮಿಲಿಆಂಪಿಯರ್, ಮೋಟರಿನಿಂದ ನಡೆಯುವ ‘ಸ್ಟೇಷನರಿ’ ಉಪಕರಣವಾಗಿದ್ದರೆ 3.5. ಈ ಮಾನಕಕ್ಕೆ ಆಧಾರವಾದ ಅಂತರರಾಷ್ಟ್ರೀಯ ಮಾನಕ ಐಇಸಿ 60335-1ರಂತೆ, ಕೆಲಸ ಮಾಡುತ್ತಿರುವಾಗಲೇ ಸರಿಸಲು ಉದ್ದೇಶಿಸಿದ್ದು ಅಥವಾ ಒಂದೆಡೆ ಬಿಗಿಯದೆ 18 ಕಿಲೋಗಿಂತ ಕಡಿಮೆ ತೂಗುವುದು ಪೋರ್ಟಬಲ್. ಹಾಗಾಗಿ ಮೊದಲು ತೂಕ ಹೇಳಿ; ಕರೆಂಟಿನ ಜಗಳ ಎಷ್ಟೋ ಸಲ ತಕ್ಕಡಿಯಲ್ಲೇ ಶುರುವಾಗಿರುತ್ತದೆ.

ಪ್ರಶ್ನೆ: ಗಿರಣಿ 17 ಕಿಲೋ, ಕೆಳಗಿನ ಸ್ಟ್ಯಾಂಡ್ ಸೇರಿದರೆ 20. ಎರಡನೆಯವರು ಸ್ಟ್ಯಾಂಡ್ ಬಿಚ್ಚಿ ತೂಗಿದ್ದಾರೆ. ಅಲ್ಲದೆ ಸ್ಟ್ಯಾಂಡಿಗೆ ಗಾಲಿಗಳಿವೆ ಎಂಬ ಕಾರಣವನ್ನೂ ಕೊಟ್ಟಿದ್ದಾರೆ.

ಉತ್ತರ: ಗಾಲಿಯ ಕಾರಣವನ್ನು ನಾನು ಒಪ್ಪುವುದಿಲ್ಲ. ಕಸ ಗುಡಿಸಲು ಗಿರಣಿಯನ್ನು ಪಕ್ಕಕ್ಕೆ ಸರಿಸುವುದು ಬೇರೆ, ಹಿಟ್ಟು ಬೀಸುತ್ತಿರುವಾಗ ಸರಿಸುವುದು ಬೇರೆ. ಸ್ಟ್ಯಾಂಡಿನ ಪ್ರಶ್ನೆ ಮಾತ್ರ ನಿಜಕ್ಕೂ ತೊಡಕಿನದು: ಅದಿಲ್ಲದೆ ಗಿರಣಿಯನ್ನು ಬಳಸಬಾರದೆಂದು ನಿಮ್ಮ ಕೈಪಿಡಿ ಸ್ಪಷ್ಟವಾಗಿ ಹೇಳಿದ್ದರೆ ಅದನ್ನು ಸೇರಿಸಿಯೇ ತೂಗಬೇಕೆಂದು ವಾದಿಸಬಹುದು, ಕೈಪಿಡಿ ಸುಮ್ಮನಿದ್ದರೆ ಪರೀಕ್ಷಕರನ್ನು ದೂರಿ ಫಲವಿಲ್ಲ. ಯಾವ ವರ್ಗ, ಯಾವ ತೂಕ, ಯಾವ ಕಲಮು ಎಂದು ಕೇಳಿ ಲಿಖಿತ ದೂರು ಕೊಡಿ; ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ/ಐಇಸಿ 17025ರ ಪ್ರಕಾರ ದೂರು ಸ್ವೀಕರಿಸುವ ವ್ಯವಸ್ಥೆ ಪ್ರಯೋಗಾಲಯದಲ್ಲಿ ಇರಲೇಬೇಕು. ಇಂಥ ಅರ್ಥವ್ಯತ್ಯಾಸಗಳು ಎಲ್ಲ ದೇಶಗಳಲ್ಲೂ ಬರುವುದರಿಂದಲೇ ವಿದ್ಯುತ್ ಉಪಕರಣಗಳ ಪರೀಕ್ಷೆ ಮತ್ತು ಪ್ರಮಾಣೀಕರಣದ ಅಂತರರಾಷ್ಟ್ರೀಯ ವ್ಯವಸ್ಥೆಯಾದ ಐಇಸಿಇಇಯ ಪ್ರಯೋಗಾಲಯಗಳ ಸಮಿತಿ ಸಿಟಿಎಲ್ ನಿರ್ಣಯಪತ್ರಗಳನ್ನು ಪ್ರಕಟಿಸುತ್ತದೆ, ನಿಮ್ಮ ಪ್ರಕರಣಕ್ಕೆ ಹೊಂದುವಂಥದ್ದು ಇದೆಯೇ ಎಂದೂ ಅವರನ್ನು ಕೇಳಿ.

ವಾದ ಗೆದ್ದರೂ ಒಂದು ಮಾತು. ನಮ್ಮ ಕಡೆಯ ಮನೆಗಳಲ್ಲಿ ಅರ್ಥಿಂಗ್ ಹೇಗಿರುತ್ತದೆಂಬುದು ನಿಮಗೆ ತಿಳಿಯದ್ದೇನಲ್ಲ. ಅರ್ಥ್ ತಂತಿ ತುಂಡಾದ ಮನೆಯಲ್ಲಿ ಆ 1.1 ಮಿಲಿಆಂಪಿಯರ್ ಹರಿಯುವುದು ಗಿರಣಿ ಮುಟ್ಟಿದವರ ಮೈಯ ಮೂಲಕ. ಮೋಟರಿನ ವಿದ್ಯುತ್ ಗದ್ದಲ ತಡೆಯುವ ಫಿಲ್ಟರಿನಲ್ಲಿ ಅರ್ಥ್ ತಂತಿಗೆ ಜೋಡಿಸಿದ ಕೆಪಾಸಿಟರಿನ ಮೌಲ್ಯವನ್ನು ಮೊದಲು ನೋಡಿ. ಅಲ್ಲೇ ಇಳಿಸಿ 0.75ರ ಒಳಗೆ ತರಲು ಸಾಧ್ಯವಾದರೆ ಸ್ಟ್ಯಾಂಡಿನ ಚರ್ಚೆಯೇ ಬೇಕಾಗುವುದಿಲ್ಲ.