‘ಸಸ್ಪೆನ್ಸ್ ಮ್ಯೂಸಿಕ್’ಗೆ ಕನ್ನಡದಲ್ಲಿ ಏನೆನ್ನೋಣ? ಬಿಗುವು, ಹೊಂಚು, ಮೊರೆತ

ಗೆಳೆಯರೇ,

ವಿರಾಜಪೇಟೆಯಲ್ಲಿ ನಾವು ಕೆಲವರು ಸೇರಿ ವಿಡಿಯೊ ಗೇಮ್‌ಗಳ ಸಂಗೀತದ ಬಗ್ಗೆ ಒಂದು ಪುಟ್ಟ ಕನ್ನಡ ಪುಸ್ತಿಕೆ ಬರೆಯುತ್ತಿದ್ದೇವೆ. ಓದುವವರು ಕಾಲೇಜು ಹುಡುಗ ಹುಡುಗಿಯರು. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ನಾವು ಉದಾಹರಣೆಗೆ ತೆಗೆದುಕೊಂಡದ್ದು 2002ರ ‘ಹಿಟ್‌ಮ್ಯಾನ್ 2’ ಆಟದ ಸಂಗೀತ. ಡೆನ್ಮಾರ್ಕಿನ ಯೆಸ್ಪರ್ ಕಿಡ್ ಮಾಡಿದ್ದು. ಬುಡಾಪೆಸ್ಟ್ ಸಿಂಫನಿ ಆರ್ಕೆಸ್ಟ್ರಾದ ವಾದ್ಯಗಳೂ ಸಿಂಥಸೈಜರ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ) ದನಿಗಳೂ ಅದರಲ್ಲಿ ಬೆರೆತಿವೆ. ಆಟದಲ್ಲಿ ಯಾರ ಕಣ್ಣಿಗೂ ಬೀಳದೆ ಮುಂದೆ ಹೋಗಬೇಕು. ಸಂಗೀತ ಕೇಳುತ್ತಿದ್ದರೆ ಏನೋ ಆಗಲಿದೆ ಅನ್ನಿಸುತ್ತದೆ, ಆದರೆ ಆಗುವುದಿಲ್ಲ. ಈ ಗುಣಕ್ಕೆ ಏನು ಹೇಳೋಣ?

‘ರೋಚಕ’ ನನಗೆ ಒಪ್ಪಿಗೆಯಿಲ್ಲ. ಕ್ರಿಕೆಟ್‌ನ ಕೊನೆಯ ಓವರೂ ರೋಚಕವೇ. ‘ಕುತೂಹಲ’ದಲ್ಲಿ ಭಯವಿಲ್ಲ. ‘ಭಯಾನಕ’ ಎಂದರೆ ಭಯಪಡಿಸುವುದು ಎದುರಿಗೇ ಬಂದು ನಿಂತ ಹಾಗೆ. ‘ಆತಂಕ’ ಹತ್ತಿರ ಬರುತ್ತದೆ. ಆದರೆ ಅದು ಕೇಳುವವರ ಮನಸ್ಸಿನಲ್ಲಿರುವುದು. ನಮಗೆ ಬೇಕಾದದ್ದು ಸಂಗೀತದೊಳಗೇ ಇರುವ ಗುಣದ ಹೆಸರು, ಅಲ್ವಾ?

ನನ್ನ ಒಲವು ‘ಬಿಗುವು’ ಕಡೆಗೆ. ಗಲಾಟೆಯಾದ ಊರಿನಲ್ಲಿ ‘ಬಿಗುವಿನ ವಾತಾವರಣ’ ಇದೆ ಎಂದು ಪತ್ರಿಕೆಗಳು ಬರೆಯುತ್ತವೆ. ಎಲ್ಲರಿಗೂ ಅರ್ಥವಾಗುತ್ತದೆ. ವಾದ್ಯಕ್ಕೂ ಈ ಪದ ಹೊಸದಲ್ಲ. ನಮ್ಮ ದುಡಿಯ ಹಗ್ಗ ಬಿಗಿದರೆ ದನಿ ಏರುತ್ತದೆ, ಪಿಟೀಲಿನ ತಂತಿಯೂ ಹಾಗೇ. 1978ರ ‘ಸ್ಪೇಸ್ ಇನ್ವೇಡರ್ಸ್’ ವಿಡಿಯೊ ಗೇಮ್ ನೆನಪಿಸಿಕೊಳ್ಳಿ. ಮೇಲಿನಿಂದ ಇಳಿದು ಬರುವ ಶತ್ರುಗಳನ್ನು ಹೊಡೆಯುವ ಆಟ. ಅದರಲ್ಲಿ ಇರುವುದು ನಾಲ್ಕೇ ಸ್ವರ, ಕೆಳಕ್ಕೆ ಇಳಿಯುತ್ತಾ ಮತ್ತೆ ಮತ್ತೆ ಬರುತ್ತವೆ. ಶತ್ರುಗಳು ಕಡಿಮೆಯಾದಂತೆ ಅವು ಬೇಗ ಬೇಗ ಬರುತ್ತವೆ. ಸ್ವರ ಬದಲಾಗಲಿಲ್ಲ, ಓಟ ಮಾತ್ರ ಜಾಸ್ತಿಯಾಯಿತು. ‘ಬಿಗುವು ಏರಿತು’ ಎಂದರೆ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಇನ್ನೊಂದು ಪದ ‘ಹೊಂಚು’. ಹುಲಿ ಹೊಂಚು ಹಾಕುತ್ತದೆ, ಕಳ್ಳ ಹೊಂಚುತ್ತಾನೆ. ‘ಹಿಟ್‌ಮ್ಯಾನ್’ನಂತೆ ಕಣ್ಣಿಗೆ ಬೀಳದೆ ಸಾಗುವ ಆಟಗಳಿಗೆ ‘ಹೊಂಚಾಟ’ ಎಂದು ಕರೆಯೋಣವೇ? ಕೇಳಲು ಚೆನ್ನಾಗಿದೆ. ತೊಡಕೂ ಇದೆ. ‘ಮದುವೆಗೆ ದುಡ್ಡು ಹೊಂಚಿಕೊಂಡ’ ಎನ್ನುವಾಗ ಅರ್ಥವೇ ಬೇರೆ. ಆದರೂ ‘ಆಟ’ ಜೊತೆಗಿದ್ದರೆ ಗೊಂದಲ ಆಗಲಾರದು ಅಂತ ನನ್ನ ಎಣಿಕೆ.

ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸಿದ್ದು ಡ್ರೋನ್, ಅಂದರೆ ಸಿಂಥಸೈಜರ್‌ನಲ್ಲಿ ಕೆಳಗೆ ನಿಲ್ಲದೆ ಹರಿಯುವ ದಪ್ಪ ದನಿ. ಇದನ್ನು ‘ಶ್ರುತಿ’ ಅನ್ನಬಹುದು ಎಂದರು ಒಬ್ಬರು. ನನಗೆ ಬಲವಾದ ತಕರಾರಿದೆ. ತಂಬೂರಿಯ ಶ್ರುತಿ ಹಾಡುವವರಿಗೆ ಆಸರೆ, ಎಷ್ಟು ದೂರ ಹೋದರೂ ಮರಳಿ ಬರಲು ಒಂದು ನೆಲೆ. ಇಲ್ಲಿಯ ದನಿ ಕಾಲ ಕೆಳಗಿನ ನೆಲವನ್ನೇ ಅಲುಗಿಸುತ್ತದೆ. ಅದಕ್ಕೆ ಶ್ರುತಿ ಎಂದರೆ ಸಂಗೀತ ಕಲಿತ ಮಕ್ಕಳು ದಾರಿ ತಪ್ಪುತ್ತಾರೆ. ನಾನು ‘ಮೊರೆತ’ ಎಂದು ಬರೆದಿದ್ದೇನೆ. ಮಳೆಗಾಲದಲ್ಲಿ ಇಲ್ಲಿ ಹೊಳೆಯ ಮೊರೆತ ರಾತ್ರಿಯಿಡೀ ಕೇಳುತ್ತಿರುತ್ತದೆ, ಹೊಳೆ ಕಾಣುವುದಿಲ್ಲ. ‘ಗುಂಯ್‌ಗುಡುವಿಕೆ’ ದುಂಬಿಯ ದನಿಯಷ್ಟು ಸಣ್ಣದಾಯಿತು.

ಕಾವಲುಗಾರನಿಗೆ ಸಂಶಯ ಬಂದಾಗ ಸಂಗೀತದ ಮೇಲೆ ಹೊಸ ತಾಳವೋ ಪಿಟೀಲೋ ಸೇರಿಸುವ ಪದ್ಧತಿ ಇಂಥ ಆಟಗಳಲ್ಲಿದೆ. ಇದಕ್ಕೆ ‘ಪದರ’ ಸಾಕು ಅಂದುಕೊಂಡಿದ್ದೇನೆ.

ನಮ್ಮ ಕೊಡಗಿನ ಮಾತುಗಳಾದ ಕೊಡವ ತಕ್ಕ್, ಅರೆಭಾಷೆ ಬಲ್ಲವರಿಗೆ ಒಂದು ಪ್ರಶ್ನೆ. ತೋಟಕ್ಕೆ ಆನೆ ನುಗ್ಗಿದೆ, ಎಲ್ಲಿದೆ ಗೊತ್ತಿಲ್ಲ, ಬಿದಿರು ಮುರಿದ ಸದ್ದು ಮಾತ್ರ. ಆಗ ಲೈನ್ ಮನೆಯಲ್ಲಿ (ತೋಟದ ಕೆಲಸಗಾರರ ಸಾಲುಮನೆ) ಉಸಿರು ಬಿಗಿಹಿಡಿದು ಕೂರುವುದಕ್ಕೆ ನಿಮ್ಮ ಮನೆಯಲ್ಲಿ ಬಳಸುವ ಮಾತು ಯಾವುದು? ಅಸುರ ಸಂಹಾರದ ಕಥೆ ತೋರಿಸುವ ಮಡಿಕೇರಿ ದಸರಾ ಮಂಟಪಗಳಿಗೆ ಧ್ವನಿ ಜೋಡಿಸುವವರೂ ದಯವಿಟ್ಟು ಬರೆಯಿರಿ. ಅಸುರ ಮೇಲೇಳುವ ಮುಂಚಿನ ಆ ಸಂಗೀತಕ್ಕೆ ನೀವು ನಿಮ್ಮ ನಿಮ್ಮಲ್ಲಿ ಏನೆನ್ನುತ್ತೀರಿ? ‘ಸಸ್ಪೆನ್ಸ್’ ಅಂತಲೇ ಇದ್ದರೂ ಪರವಾಗಿಲ್ಲ, ಅದನ್ನೂ ದಾಖಲಿಸುತ್ತೇವೆ.