ಎನ್. ಸೇನ್ ಟ್ರಿಲಜಿ: ಮೊದಲ ಕ್ರ್ಯಾಶ್ ಆಟದ ಸೇತುವೆಯಲ್ಲಿ ಜಿಗಿತ ತಪ್ಪುತ್ತಿದೆ. ತೊಂದರೆ ಟಿವಿಯದ್ದೋ, ಕಂಟ್ರೋಲರ್‌ದೋ, ಆಟದ್ದೋ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಪಿಎಸ್4ನಲ್ಲಿ (ಪ್ಲೇಸ್ಟೇಷನ್ 4) ಕ್ರ್ಯಾಶ್ ಬ್ಯಾಂಡಿಕೂಟ್ ಎನ್. ಸೇನ್ ಟ್ರಿಲಜಿ, ಅಂದರೆ ಹಳೆಯ ಮೂರು ಕ್ರ್ಯಾಶ್ ಆಟಗಳನ್ನು ಹೊಸದಾಗಿ ಕಟ್ಟಿದ ಸಂಗ್ರಹ, ಆಡುತ್ತಿದ್ದೇನೆ. ಮೊದಲ ಆಟದ 'ರೋಡ್ ಟು ನೋವೇರ್' ಸೇತುವೆ ದಾಟೋಕೆ ಆಗುತ್ತಿಲ್ಲ. ಎರಡು ತೊಂದರೆ ಕಾಣುತ್ತಿವೆ. ಹಾರುವ ಬಟನ್ ಎಕ್ಸ್ ಒತ್ತಿದ ಮೇಲೆ ಕ್ರ್ಯಾಶ್ ಒಂಚೂರು ತಡವಾಗಿ ಹಾರುತ್ತಾನೆ. ಜೊತೆಗೆ, ಹಲಗೆ ಮೇಲೆ ಕಾಲು ಬಿತ್ತು ಅಂತ ಕಣ್ಣಿಗೆ ಸ್ಪಷ್ಟವಾಗಿ ಕಂಡರೂ ಅಂಚಿನಿಂದ ಜಾರಿ ಕೆಳಗೆ ಹೋಗುತ್ತಾನೆ.

ಚಿಕ್ಕವನಿದ್ದಾಗ ಇದೇ ಆಟವನ್ನು ಪಿಎಸ್1ನಲ್ಲಿ, ಮನೆಯ ಹಳೇ ಡಬ್ಬಾ ಟಿವಿಗೆ ಹಾಕಿ ಪೂರ್ತಿ ಮುಗಿಸಿದ್ದೆ. ಸೇತುವೆ ಆಗಲೂ ಕಷ್ಟವೇ, ಆದರೆ ಹೀಗಿರಲಿಲ್ಲ. ಈಗಿನದು 50 ಇಂಚಿನ 4ಕೆ ಎಲ್‌ಇಡಿ ಟಿವಿ. ಸೌಂಡ್‌ಬಾರ್ ಇದೆ. ಇನ್ನೊಂದು ಕಂಟ್ರೋಲರ್ ಹಾಕಿ ನೋಡಿದೆ, ಆಟ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದೆ. ವ್ಯತ್ಯಾಸ ಇಲ್ಲ. ಇದೇ ಸಂಗ್ರಹದ ಮೂರನೇ ಆಟ ವಾರ್ಪ್ಡ್‌ನಲ್ಲಿ ಇಷ್ಟು ಬೀಳುವುದಿಲ್ಲ. ಎಲ್ಲಿಂದ ಹುಡುಕಬೇಕು?

ಹಳೇಡಬ್ಬಾ:
ತುಂಗಾತೀರ ಅವರೇ, ನೀವು ಹೇಳಿದ ಎರಡು ತೊಂದರೆಗಳಿಗೆ ಕಾರಣ ಬೇರೆ ಬೇರೆ ಇರಬಹುದು. ಒತ್ತಿದ ಮೇಲೆ ತಡವಾಗುವುದು ಹೆಚ್ಚಾಗಿ ಟಿವಿ ಕಡೆಯದು. ಅಂಚಿನಿಂದ ಜಾರುವುದು ಆಟದ ಒಳಗಿನದು. ಎರಡನ್ನೂ ಒಟ್ಟಿಗೆ ಹುಡುಕಲು ಹೋದರೆ ಯಾವುದೂ ಸಿಗುವುದಿಲ್ಲ. ಮೊದಲು ಟಿವಿ ನೋಡೋಣ.

ಡಬ್ಬಾ ಟಿವಿ ಸಿಗ್ನಲ್ ಬಂದ ಹಾಗೇ ಸಾಲು ಸಾಲಾಗಿ ಪರದೆ ಮೇಲೆ ಬರೆಯುತ್ತಿತ್ತು. ನಡುವೆ ಕಾಯುವ ಕೆಲಸವೇ ಇರಲಿಲ್ಲ. ಈಗಿನ ಟಿವಿ ಒಂದು ಪೂರ್ತಿ ಚಿತ್ರ ಹಿಡಿದಿಟ್ಟುಕೊಂಡು, ಬಣ್ಣ ತಿದ್ದಿ, ಅಂಚು ಚೂಪು ಮಾಡಿ, 1080ಪಿ ಚಿತ್ರವನ್ನು 4ಕೆಗೆ ಹಿಗ್ಗಿಸಿ, ಚಲನೆ ನಯವಾಗಿ ಕಾಣಲಿ ಅಂತ ನಡುವೆ ಹೊಸ ಚಿತ್ರಗಳನ್ನೂ ಸೇರಿಸಿ ಆಮೇಲೆ ತೋರಿಸುತ್ತದೆ. ಸಿನಿಮಾಗೆ ಇದರಿಂದ ನಷ್ಟವಿಲ್ಲ. ಆಟಕ್ಕೆ ಇದು ಕಷ್ಟ. ನೀವು ನೋಡುತ್ತಿರುವ ಕ್ರ್ಯಾಶ್ ಆಟದ ಒಳಗೆ ಆಗಲೇ ಮುಂದೆ ಹೋಗಿರುತ್ತಾನೆ. ಹಲಗೆಯ ತುದಿ ನೋಡಿಕೊಂಡು ನೀವು ಎಕ್ಸ್ ಒತ್ತುವ ಹೊತ್ತಿಗೆ ಅವನ ಕಾಲ ಕೆಳಗೆ ಹಲಗೆ ಇರುವುದಿಲ್ಲ.

ಊಹೆ ಬೇಡ, ಅಳೆದು ನೋಡಿ. ನಿಮ್ಮ ಫೋನ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ಇದ್ದರೆ ಸೆಕೆಂಡಿಗೆ 240 ಬಿಡಿ ಚಿತ್ರ, ಅಂದರೆ 240 ಫ್ರೇಮ್‌ಗೆ ಇಡಿ. 'ಎನ್. ಸ್ಯಾನಿಟಿ ಬೀಚ್' ಶುರುವಿನಲ್ಲಿ ಸುಮ್ನೆ ನಿಂತುಕೊಳ್ಳಿ. ನಿಮ್ಮ ಹೆಬ್ಬೆರಳೂ ಪರದೆಯೂ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ಫೋನ್ ಹಿಡಿಯಲು ಯಾರಿಗಾದರೂ ಹೇಳಿ. ನಿಂತಲ್ಲೇ ಕೆಲವು ಸಲ ಹಾರಿ. ಆಮೇಲೆ ವಿಡಿಯೋವನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿ. ಬಟನ್ ಪೂರ್ತಿ ಕೆಳಗೆ ಹೋದ ಫ್ರೇಮ್‌ನಿಂದ ಕ್ರ್ಯಾಶ್‌ನ ಶೂ ಮರಳು ಬಿಟ್ಟು ಮೇಲೇಳುವ ಫ್ರೇಮ್‌ವರೆಗೆ ಎಣಿಸಿ. ಒಂದು ಫ್ರೇಮ್ ಅಂದರೆ ಸುಮಾರು 4.2 ಮಿಲಿಸೆಕೆಂಡ್. ಶಬ್ದ ಕೇಳಿ ಲೆಕ್ಕ ಹಾಕಬೇಡಿ. ಸೌಂಡ್‌ಬಾರ್ ಇದ್ದರೆ ಶಬ್ದಕ್ಕೆ ಅದರದ್ದೇ ಬೇರೆ ತಡ ಇರುತ್ತದೆ.

ಈಗ ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ (ಚಿತ್ರ ತಿದ್ದುವ ಕೆಲಸ ಕಡಿಮೆ ಮಾಡಿ ಬೇಗ ತೋರಿಸುವ ಸೆಟ್ಟಿಂಗ್) ಹಾಕಿ ಮತ್ತೊಮ್ಮೆ ಅಳೆಯಿರಿ. ಪಿಎಸ್4 ಚಾಲೂ ಇದ್ದು, ಅದು ಚುಚ್ಚಿರುವ ಎಚ್‌ಡಿಎಂಐ ಪೋರ್ಟ್‌ನಲ್ಲಿ ಇರುವಾಗಲೇ ಹಾಕಿ. ಎಷ್ಟೋ ಟಿವಿಗಳಲ್ಲಿ ಈ ಸೆಟ್ಟಿಂಗ್ ಪೋರ್ಟಿಗೊಂದು ಇರುತ್ತದೆ. ಸೆಟ್‌ಟಾಪ್ ಬಾಕ್ಸ್ ನೋಡುವಾಗ ಹಾಕಿದರೆ ಕನ್ಸೋಲ್‌ಗೆ ತಾಗುವುದೇ ಇಲ್ಲ. ಟಿವಿ ತಾನಾಗೇ ಗೇಮ್ ಮೋಡ್‌ಗೆ ಹೋಗುವಂತೆ ಹೇಳುವ ಸೌಲಭ್ಯ ಪಿಎಸ್4ಗೆ ಇಲ್ಲ, ನಾವೇ ಹಾಕಬೇಕು.

ನಾಲ್ಕನೇಕ್ರಾಸ್:
ಅಳೆಯುವುದರ ಜೊತೆಗೆ ಇದನ್ನೂ ಮಾಡಿ. ಸೇತುವೆಯಲ್ಲಿ ಅನಲಾಗ್ ಸ್ಟಿಕ್ (ಹೆಬ್ಬೆರಳಿನಿಂದ ವಾಲಿಸುವ ಕಡ್ಡಿ) ಬಿಟ್ಟು ಡಿ-ಪ್ಯಾಡ್ (ನಾಲ್ಕು ದಿಕ್ಕಿನ ಬಟನ್) ಬಳಸಿ. 1996ರಲ್ಲಿ ಮೊದಲ ಆಟ ಬಂದಾಗ ಪ್ಲೇಸ್ಟೇಷನ್ ಕಂಟ್ರೋಲರ್‌ಗೆ ಸ್ಟಿಕ್ಕೇ ಇರಲಿಲ್ಲ. ಆ ಹಂತಗಳನ್ನು ಕಟ್ಟಿದ್ದೇ ಡಿ-ಪ್ಯಾಡ್‌ಗೆ. ಮೇಲಿನ ಬಟನ್ ಒತ್ತಿದರೆ ಅವನು ನೆಟ್ಟಗೆ ಹೋಗುತ್ತಾನೆ. ಸ್ಟಿಕ್‌ನಲ್ಲಿ ಎಷ್ಟು ಹುಷಾರಾಗಿದ್ದರೂ ಒಂಚೂರು ಎಡಕ್ಕೋ ಬಲಕ್ಕೋ ವಾಲುತ್ತದೆ, ಅಗಲ ಕಡಿಮೆ ಇರುವ ಹಲಗೆಗೆ ಅಷ್ಟೇ ಸಾಕು ಬೀಳಲು.

ತುಂಗಾತೀರ:
ಅಳೆದೆ ಸಾರ್. ತಂಗಿ ಫೋನ್ ಹಿಡಿದಳು. ಟಿವಿ ಮೊದಲು ಇದ್ದ ಹಾಗೆ 52 ಫ್ರೇಮ್ ಬಂತು, ಅಂದರೆ ಸುಮಾರು 217 ಮಿಲಿಸೆಕೆಂಡ್. ಗೇಮ್ ಮೋಡ್ ಹಾಕಿದ ಮೇಲೆ 27 ಫ್ರೇಮ್, ಸುಮಾರು 112. ಕಣ್ಣಿಗೇ ಗೊತ್ತಾಗುತ್ತದೆ, ಬೇರೆ ಆಟದ ಹಾಗಿದೆ! ಬಣ್ಣ ಸ್ವಲ್ಪ ಸಪ್ಪೆ ಆಯಿತು, ಪರವಾಗಿಲ್ಲ.

ಡಿ-ಪ್ಯಾಡ್ ಕೂಡ ಬಹಳ ಸಹಾಯ ಆಯಿತು. ಅರ್ಧ ಸೇತುವೆ ದಾಟುತ್ತೇನೆ ಈಗ. ಆದರೆ ಅಂಚಿನಿಂದ ಜಾರುವುದು ಹಾಗೇ ಇದೆ. ಇನ್ನೊಂದು ಅನುಮಾನ. ಈ ಸಂಗ್ರಹ ಪಿಎಸ್4ನಲ್ಲಿ ಸೆಕೆಂಡಿಗೆ 30 ಫ್ರೇಮ್ ಮಾತ್ರ ಓಡುತ್ತದೆ, ಅದರಿಂದ ಹೀಗಾ?

ಹಳೇಡಬ್ಬಾ:
ಭೇಷ್! ಸುಮಾರು 105 ಮಿಲಿಸೆಕೆಂಡ್ ಉಳಿಯಿತು. 30 ಫ್ರೇಮ್‌ನ ಆಟದಲ್ಲಿ ಒಂದು ಫ್ರೇಮ್‌ಗೆ 33 ಮಿಲಿಸೆಕೆಂಡ್, ಹಾಗಾಗಿ ನಿಮ್ಮ ಕೈಗೆ ಮೂರು ಫ್ರೇಮ್ ವಾಪಸ್ ಸಿಕ್ಕ ಹಾಗಾಯಿತು. ಉಳಿದಿರುವ 112ರಲ್ಲಿ ಆಟದ ಪಾಲೇ ಜಾಸ್ತಿ, ಅದನ್ನು ಟಿವಿಯಿಂದ ಇಳಿಸಲು ಆಗುವುದಿಲ್ಲ. ಬೇಕಿದ್ದರೆ ಪಿಎಸ್4 ಸೆಟ್ಟಿಂಗ್ಸ್‌ನಲ್ಲಿ ಡಿವೈಸಸ್, ಅದರೊಳಗೆ ಕಂಟ್ರೋಲರ್ಸ್, ಅಲ್ಲಿ ಕಮ್ಯುನಿಕೇಷನ್ ಮೆಥಡ್ ಅನ್ನು ಯುಎಸ್‌ಬಿ ಕೇಬಲ್‌ಗೆ ಬದಲಾಯಿಸಿ ನೋಡಿ. ಪಕ್ಕದಲ್ಲಿ ವೈಫೈ ರೂಟರ್, ಬ್ಲೂಟೂತ್ ಸಾಮಾನು ಜಾಸ್ತಿ ಇದ್ದರೆ ಇದರಿಂದ ಉಪಯೋಗ ಆಗುತ್ತದೆ. ಕೇಬಲ್ ಮಾತ್ರ ಡೇಟಾ ಸಾಗಿಸುವಂಥದ್ದಾಗಿರಲಿ. ಚಾರ್ಜರ್ ಜೊತೆ ಬರುವ ಕೆಲವು ಕೇಬಲ್ ಬರೀ ಕರೆಂಟ್ ಕೊಡುತ್ತವೆ, ಅದನ್ನು ಚುಚ್ಚಿ ಕೂತರೆ ಕಂಟ್ರೋಲರ್ ಸಿಗುವುದೇ ಇಲ್ಲ.

30 ಫ್ರೇಮ್ ಕಾರಣ ಅಲ್ಲ. 1996ರ ಆಟವೂ 30ರಲ್ಲೇ ಓಡುತ್ತಿತ್ತು.

ಈಗ ಜಾರುವ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಾರಣ ಗೊತ್ತಾದರೆ ಕೈ ತಾನಾಗೇ ತಿದ್ದಿಕೊಳ್ಳುತ್ತದೆ.

ಮೂಲ ಮೂರು ಆಟಗಳನ್ನು ನಾಟಿ ಡಾಗ್ 1996, 1997, 1998ರಲ್ಲಿ ಮಾಡಿತು. 2017ರ ಜೂನ್ 30ರಂದು ಪಿಎಸ್4ಗೆ ಬಂದ ಈ ಸಂಗ್ರಹವನ್ನು ಕಟ್ಟಿದ್ದು ವಿಕೇರಿಯಸ್ ವಿಷನ್ಸ್. ಹಂತಗಳ ಆಕಾರವನ್ನು ಅವರು ಹಳೆಯ ಆಟದಿಂದಲೇ ತೆಗೆದುಕೊಂಡರು. ಯಾವ ಹಲಗೆ ಎಲ್ಲಿ, ಎಷ್ಟು ದೂರ, ಎಲ್ಲ ಹಳೆಯ ಅಳತೆಗೆ ತಕ್ಕಂತೆ ಇದೆ. ಆದರೆ ಆಟ ಓಡಿಸುವ ಪ್ರೋಗ್ರಾಮ್ ಹೊಸದು. ಮೂರೂ ಆಟಗಳಿಗೆ ಕ್ರ್ಯಾಶ್‌ನ ಚಲನೆಯನ್ನು ವಾರ್ಪ್ಡ್ ಆಧಾರವಾಗಿ ಇಟ್ಟುಕೊಂಡು ಮಾಡಿದರು, ಆಮೇಲೆ ಜಿಗಿತವನ್ನು ಒಂದೊಂದು ಆಟಕ್ಕೂ ತಿದ್ದಿದರು. ಡಿಕ್ಕಿ (ಕ್ರ್ಯಾಶ್ ಯಾವುದಕ್ಕೆ ಎಲ್ಲಿ ತಾಗಿದ ಅಂತ) ಲೆಕ್ಕ ಹಾಕುವ ವಿಧಾನವೂ ಬದಲಾಗಿದೆ, ಕೆಲವು ಜಿಗಿತಗಳಿಗೆ ಮೂಲಕ್ಕಿಂತ ಜಾಸ್ತಿ ನಿಖರತೆ ಬೇಕು ಅಂತ 2017ರ ಜುಲೈನಲ್ಲೇ ಬಹಿರಂಗವಾಗಿ ವಿವರಣೆ ಕೊಟ್ಟರು. ಅಂದರೆ ನಿಮ್ಮ ಕಣ್ಣು ಸರಿಯಾಗೇ ಗುರುತಿಸಿದೆ.

1996ರ ಸೇತುವೆ 1996ರ ಜಿಗಿತಕ್ಕೆ ಅಳತೆ ಮಾಡಿದ್ದು. ಸೇತುವೆ ಹಾಗೇ ಉಳಿದಿದೆ, ಜಿಗಿತ ಬದಲಾಗಿದೆ. ಹೊಸದರಲ್ಲಿ ಕ್ರ್ಯಾಶ್ ಬೇಗ ಕೆಳಗಿಳಿಯುತ್ತಾನೆ, ಗಾಳಿಯಲ್ಲಿ ಸಿಗುವ ಸಮಯ ಕಡಿಮೆ. ಮೂರನೇ ಆಟದಲ್ಲಿ ನೀವು ಬೀಳದಿರಲು ಕಾರಣವೂ ಇದೇ. ಚಲನೆ ಅದರದ್ದೇ, ಹಂತಗಳೂ ಅದರವೇ, ಒಂದಕ್ಕೊಂದು ಹೊಂದುತ್ತವೆ.

ಅಂಚಿನ ಜಾರಿಕೆ ಆಟಗಾರರು ಫ್ರೇಮ್ ಫ್ರೇಮ್ ಹಿಡಿದು ನೋಡಿ ಕಂಡುಕೊಂಡ ಸಂಗತಿ. ಕಂಪ್ಯೂಟರ್ ಲೆಕ್ಕದಲ್ಲಿ ಕ್ರ್ಯಾಶ್ ಅಂದರೆ ಕಣ್ಣಿಗೆ ಕಾಣುವ ಆಕೃತಿ ಅಲ್ಲ, ಅವನ ಸುತ್ತ ಇರುವ ಒಂದು ಅದೃಶ್ಯ ಆಕಾರ. ಹಳೆಯದರಲ್ಲಿ ಅದರ ತಳ ಚಪ್ಪಟೆ. ಹೊಸದರಲ್ಲಿ ಅದು ಔಷಧಿ ಕ್ಯಾಪ್ಸೂಲ್ ತರಹ, ತಳ ಗುಂಡಗೆ. ಚಪ್ಪಟೆ ತಳದ ತುದಿ ತಾಗಿದರೂ ನಿಲ್ಲುತ್ತಿತ್ತು. ಗುಂಡು ತಳ ಅಂಚಿಗೆ ತಾಗಿದರೆ ಪಕ್ಕಕ್ಕೆ ಜಾರುತ್ತದೆ. ಶೂ ಹಲಗೆ ಮೇಲೆ ಇದ್ದ ಹಾಗೆ ಕಂಡರೂ ಬೀಳುವುದು ಅದಕ್ಕೇ.

ಹಾಗಾಗಿ ಆಡುವ ರೀತಿ ಬದಲಾಯಿಸಿ. ಹಲಗೆಯ ಕಟ್ಟಕಡೆಯ ತುದಿವರೆಗೆ ಓಡಿ ಹಾರುವ ಹಳೇ ಅಭ್ಯಾಸ ಬಿಡಿ, ಒಂದು ಹೆಜ್ಜೆ ಮೊದಲೇ ಹಾರಿ. ಎಕ್ಸ್ ತಟ್ಟಿ ಬಿಡಬೇಡಿ, ಪೂರ್ತಿ ಒತ್ತಿ ಹಿಡಿಯಿರಿ. ಹಿಡಿದಷ್ಟೂ ಎತ್ತರ ಸಿಗುತ್ತದೆ, ಎತ್ತರ ಸಿಕ್ಕಷ್ಟೂ ದೂರ. ಮುಂದಿನ ಹಲಗೆಯ ನಡುಭಾಗಕ್ಕೆ ಗುರಿ ಇಡಿ. ಗಾಳಿಯಲ್ಲಿರುವಾಗ ಕ್ರ್ಯಾಶ್‌ನನ್ನು ನೋಡಬೇಡಿ, ಕೆಳಗೆ ಬೀಳುವ ಅವನ ನೆರಳು ನೋಡಿ. ಕ್ಯಾಮೆರಾ ಬೆನ್ನ ಹಿಂದೆ ಇರುವುದರಿಂದ ದೂರ ಅಂದಾಜು ಸಿಗುವುದಿಲ್ಲ, ನೆರಳು ಮಾತ್ರ ನಿಜ ಹೇಳುತ್ತದೆ. ಮಧ್ಯೆ ಆಮೆ ಬಂದಾಗ ಒಮ್ಮೆ ತುಳಿದು ಮಗುಚಿ, ಆಮೇಲೆ ಅದರ ಹೊಟ್ಟೆ ಮೇಲೆ ಎಕ್ಸ್ ಹಿಡಿದುಕೊಂಡೇ ಬಿದ್ದರೆ ದೊಡ್ಡ ಪುಟಿತ ಸಿಗುತ್ತದೆ. ಅಗಲವಾದ ಸಂದು ಬಂದಲ್ಲಿ ಅದೇ ದಾರಿ.

ಮಂಗಳೂರು_ಪಿಕ್ಸೆಲ್:
ವಿವರಣೆ ಚೆನ್ನಾಗಿದೆ. ಆದರೆ ನನಗೆ ಬೇಜಾರಾಗುವುದು ಇಲ್ಲೇ. ಹುಲ್ಲು, ಕೂದಲು, ಬೆಳಕು, ಎಲ್ಲಕ್ಕೂ ಇಷ್ಟು ಪ್ರೀತಿಯಿಂದ ಕೆಲಸ ಮಾಡಿದವರು ಹಳೆಯ ಜಿಗಿತವನ್ನೂ ಒಂದು ಆಯ್ಕೆಯಾಗಿ ಇಡಬಹುದಿತ್ತು. ಪ್ಲಾಟ್‌ಫಾರ್ಮರ್ ಆಟದಲ್ಲಿ ಜಿಗಿತಕ್ಕಿಂತ ಮುಖ್ಯ ಇನ್ನೇನಿದೆ? ಹಳೆಯ ಆಟ ನಮ್ಮ ಕೈಯಲ್ಲಿ ಉಳಿದಿರುವುದು ಆ ಲಯದಿಂದಲೇ ಅಲ್ವಾ.

ಹಳೇಡಬ್ಬಾ:
ಒಪ್ಪುತ್ತೇನೆ. ಆಯ್ಕೆ ಇದ್ದಿದ್ದರೆ ನಾನೂ ಅದನ್ನೇ ಹಾಕಿಕೊಳ್ಳುತ್ತಿದ್ದೆ. ಆದರೂ ಈ ಸಂಗ್ರಹ ಮಾಡಿದ ಉಪಕಾರ ದೊಡ್ಡದು. ಮೂಲ ಮೊದಲ ಆಟದಲ್ಲಿ ಬೋನಸ್ ಸುತ್ತು ಮುಗಿಸಿದರೆ ಅಥವಾ ಹಂತದ ಪೆಟ್ಟಿಗೆಗಳನ್ನೆಲ್ಲ ಒಡೆದು ರತ್ನ ಗಳಿಸಿದರೆ ಮಾತ್ರ ಸೇವ್ ಮಾಡಲು ಆಗುತ್ತಿತ್ತು. ಅದಾಗದೆ ಜೀವ ಖಾಲಿಯಾದರೆ ದಾಟಿದ ಹಂತಗಳನ್ನೇ ಮತ್ತೆ ಆಡಬೇಕಿತ್ತು. ಈಗ ತಾನಾಗೇ ಸೇವ್ ಆಗುತ್ತದೆ. ಹೊಸಬರು ಈ ಆಟವನ್ನು ಕೊನೆವರೆಗೆ ನೋಡುತ್ತಿರುವುದು ಅದರಿಂದಲೇ. ತುಂಬಾ ಕಷ್ಟ ಅಂತ 1996ರಲ್ಲಿ ಕೈಬಿಟ್ಟಿದ್ದ 'ಸ್ಟಾರ್ಮಿ ಅಸೆಂಟ್' ಹಂತವೂ 2017ರ ಜುಲೈನಲ್ಲಿ ಇದಕ್ಕೆ ಸೇರಿತು. ನಮ್ಮ ಕಾಲದಲ್ಲಿ ಅದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ನಾಲ್ಕನೇಕ್ರಾಸ್:
ತುಂಗಾತೀರ ಅವರೇ, ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಹಗ್ಗದ ದಾರಿ ಇದೆ. ಸೇತುವೆಯ ಪಕ್ಕದ ಕೈಹಗ್ಗದ ಮೇಲೆ ಹಾರಿ ನಿಂತು, ಡಿ-ಪ್ಯಾಡ್ ಮೇಲಿನ ಬಟನ್ ಮಾತ್ರ ಒತ್ತಿಕೊಂಡು ನಡೆದು ಹೋಗಬಹುದು. ಮೂಲ ಆಟದಲ್ಲೂ ಆಗುತ್ತಿತ್ತು, ಇದರಲ್ಲೂ ಆಗುತ್ತದೆ. ಹತ್ತುವಾಗ ಮಾತ್ರ ಹುಷಾರು. ಪೆಟ್ಟಿಗೆಗಳು ತಪ್ಪಿಹೋಗುತ್ತವೆ, ಆದರೆ ಹಂತ ಮುಗಿಯುತ್ತದೆ. ಮುಂದೆ ಮೂರನೇ ದ್ವೀಪದಲ್ಲಿ 'ದಿ ಹೈ ರೋಡ್' ಅಂತ ಇದಕ್ಕಿಂತ ಗಟ್ಟಿ ಸೇತುವೆ ಬರುತ್ತದೆ, ಅಲ್ಲೂ ಇದು ನಡೆಯುತ್ತದೆ.

ಬೆಣ್ಣೆನಗರಿ:
ನಡುವೆ ನನ್ನದೊಂದು ಪ್ರಶ್ನೆ. ಇದೇ ಆಟ ಪಿಸಿಯಲ್ಲಿ, 60 ಫ್ರೇಮ್‌ನಲ್ಲಿ ಓಡುತ್ತಿದೆ. ಆದರೂ ಜಿಗಿತ ಎಳೆದ ಹಾಗೆ ಅನಿಸುತ್ತದೆ. ಮಾನಿಟರ್ ಇದೆ, ಟಿವಿ ಅಲ್ಲ.

ಹಳೇಡಬ್ಬಾ:
ವಿ-ಸಿಂಕ್ ಆಫ್ ಮಾಡಿ ನೋಡಿ. ಅದು ಆನ್ ಇದ್ದರೆ ಸಿದ್ಧವಾದ ಚಿತ್ರ ಮಾನಿಟರ್‌ನ ಸರದಿಗೆ ಕಾಯುತ್ತದೆ. ಆಫ್ ಮಾಡಿದಾಗ ಚಿತ್ರ ಅಡ್ಡ ಸೀಳಿದ ಹಾಗೆ ಕಂಡರೆ, ವಿ-ಸಿಂಕ್ ಮತ್ತೆ ಆನ್ ಮಾಡಿ, ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಫ್ರೇಮ್ ಮಿತಿಯನ್ನು ಮಾನಿಟರ್‌ನ ವೇಗಕ್ಕಿಂತ ಒಂಚೂರು ಕೆಳಗೆ ಹಾಕಿ. ವಿಂಡೋ ಬದಲು ಫುಲ್‌ಸ್ಕ್ರೀನ್ ಇರಲಿ. ನಿಮಗೂ ಅದೇ ಫೋನ್ ಪರೀಕ್ಷೆ, ಮೊದಲು ಮತ್ತು ಆಮೇಲೆ.

ತುಂಗಾತೀರ:
ದಾಟಿದೆ! ಹಗ್ಗ ಹಿಡಿಯದೆ, ಹಲಗೆ ಮೇಲೇ. ಒಂದು ಹೆಜ್ಜೆ ಮೊದಲೇ ಹಾರುವುದು ಮತ್ತು ನೆರಳು ನೋಡುವುದು, ಇವೆರಡೇ ಕೆಲಸಕ್ಕೆ ಬಂದವು. ಮೊದಮೊದಲು ಕೈ ಕೇಳಲಿಲ್ಲ, ಹಳೇ ಅಳತೆಗೇ ಓಡುತ್ತಿತ್ತು. ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ.

ಕೊನೆಯದೊಂದು. ಈ ಸೇತುವೆಯ ರತ್ನ ಬೇಕಾದರೆ ಹಳೆಯ ಆಟದ ಹಾಗೆ ಒಂದೂ ಸಾಯದೆ ಎಲ್ಲ ಪೆಟ್ಟಿಗೆ ಒಡೆಯಬೇಕಾ?

ಹಳೇಡಬ್ಬಾ:
ಇಲ್ಲ. ಇದರಲ್ಲಿ ಬಿಳಿ ರತ್ನಕ್ಕೆ ಸತ್ತರೂ ಪರವಾಗಿಲ್ಲ, ಎಲ್ಲ ಪೆಟ್ಟಿಗೆ ಒಡೆದರೆ ಸಾಕು. ಬಣ್ಣದ ರತ್ನ ಇರುವ ಹಂತಗಳಲ್ಲಿ ಮಾತ್ರ ಹಳೇ ನಿಯಮ. 'ದಿ ಲಾಸ್ಟ್ ಸಿಟಿ'ಯ ಹಸಿರು ರತ್ನ, 'ಟಾಕ್ಸಿಕ್ ವೇಸ್ಟ್'ನ ನೀಲಿ ರತ್ನ ಅಂಥವು, ಅಲ್ಲಿ ಒಮ್ಮೆ ಸತ್ತರೆ ಹಂತವನ್ನು ಮೊದಲಿಂದ ಶುರು ಮಾಡಿ. ಕ್ರ್ಯಾಶ್‌ನನ್ನು ಕಾಯುವ ಆಕು ಆಕು ಮುಖವಾಡ ಇದೆ ಅಂತ ಸೇತುವೆಯಲ್ಲಿ ಧೈರ್ಯ ಮಾಡಬೇಡಿ, ಶತ್ರುವಿನ ಏಟಿಗೆ ಅದು ಆಗುತ್ತದೆ, ಪ್ರಪಾತಕ್ಕೆ ಬಿದ್ದರೆ ಉಳಿಸುವುದಿಲ್ಲ. ಶೀರ್ಷಿಕೆಗೆ 'ಪರಿಹಾರ ಆಗಿದೆ' ಅಂತ ಸೇರಿಸಿಬಿಡಿ, ಇದೇ ತೊಂದರೆ ಇರುವವರು ಹುಡುಕಿದಾಗ ಸಿಗಲಿ.