ಕ್ವಾಡ್ ಡಿಸ್ಕ್ ಬಗ್ಗೆ ರಿಪೇರಿ ಅಣ್ಣನನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಪ್ರಶ್ನೋತ್ತರ ಕ್ವಾಡ್ ಡಿಸ್ಕ್ ಬಗ್ಗೆ. ಹೊಸಬರಿಗೆ ಒಂದು ಮಾತು. 1970ರ ದಶಕದಲ್ಲಿ ಎಷ್ಟೋ ಆಲ್ಬಮ್‌ಗಳನ್ನು ನಾಲ್ಕು ಸ್ಪೀಕರ್‌ಗೆ ಅಂತಲೇ ಮಿಕ್ಸ್ ಮಾಡುತ್ತಿದ್ದರು. ಮುಂದೆ ಎರಡು, ಹಿಂದೆ ಎರಡು. ಇದಕ್ಕೇ ಕ್ವಾಡ್ ಅನ್ನುವುದು. ಆ ಮಿಕ್ಸ್‌ಗಳು ಈಗ ಎಸ್ಎಸಿಡಿ (ಸೂಪರ್ ಆಡಿಯೊ ಸಿಡಿ), ಬ್ಲೂ-ರೇಯಲ್ಲಿ ಮತ್ತೆ ಬರುತ್ತಿವೆ. ಉತ್ತರ ಕೊಡುವವರು ದಾವಣಗೆರೆಯಲ್ಲಿ ಆಂಪ್ಲಿಫೈಯರ್, ಪ್ಲೇಯರ್ ರಿಪೇರಿ ಮಾಡುವ ನಮ್ಮ ಅಣ್ಣ. ಎಂದಿನಂತೆ ಎಲ್ಲರೂ ಊರು, ಬಡಾವಣೆ ಹೆಸರಲ್ಲೇ ಬರೆಯಿರಿ.

ವಿದ್ಯಾನಗರ: ಅಣ್ಣ, ಪಿಂಕ್ ಫ್ಲಾಯ್ಡ್‌ನವರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಎಸ್ಎಸಿಡಿ ತರಿಸಿದೆ, 2003ರದ್ದು. ಇದು ಕ್ವಾಡ್ ತಾನೆ?

ರಿಪೇರಿ ಅಣ್ಣ: ಅಲ್ಲ. ಅದರಲ್ಲಿರುವುದು ಜೇಮ್ಸ್ ಗತ್ರಿ ಮಾಡಿದ ಹೊಸ 5.1 ಮಿಕ್ಸ್, ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಮಾಡಿದ್ದು. ಹಳೇ ಕ್ವಾಡ್ ಮಿಕ್ಸ್ ಮಾಡಿದವರು ಅಲನ್ ಪಾರ್ಸನ್ಸ್. ಅದು 2011ರ ದೊಡ್ಡ ಇಮ್ಮರ್ಶನ್ ಬಾಕ್ಸ್‌ನಲ್ಲಿದೆ. ಸರೌಂಡ್ ಅಂತ ಬರೆದದ್ದೆಲ್ಲ ಕ್ವಾಡ್ ಅಲ್ಲ. ದುಡ್ಡು ಕೊಡುವ ಮುಂಚೆ ಕ್ವಾಡ್ ಅಥವಾ 4.0 ಅಂತ ಬರೆದಿದೆಯಾ ನೋಡಿಕೊಳ್ಳಿ. ಆದರೆ ಕೈಗೆ ಬಂದಿದ್ದೂ ಒಳ್ಳೆಯ ಡಿಸ್ಕೇ, ಕೇಳಿ.

ಹರಿಹರ: ಸರ್, ಕ್ವಾಡ್ ಬ್ಲೂ-ರೇ ಹಾಕಿದರೆ ಸೆಂಟರ್ ಸ್ಪೀಕರ್ ಸತ್ತೇ ಹೋಗಿದೆ. ಸಬ್‌ವೂಫರ್ ಕೂಡ. ಡಿಸ್ಕ್ ಹಾಳಾಗಿದೆಯಾ?

ರಿಪೇರಿ ಅಣ್ಣ: ಇಲ್ಲ. ಕ್ವಾಡ್‌ನಲ್ಲಿ ಸೆಂಟರ್ ಇಲ್ಲ, ಸಬ್‌ವೂಫರ್ ಚಾನೆಲ್ಲೂ ಇಲ್ಲ. ಸುಮ್ಮನಿರಬೇಕಾದವು ಸುಮ್ಮನಿವೆ. ನಿಮ್ಮ ನಾಲ್ಕು ಸ್ಪೀಕರ್ ಚಿಕ್ಕವಾದರೆ ರಿಸೀವರ್ ಸೆಟಪ್‌ನಲ್ಲಿ ‘ಸ್ಮಾಲ್’ ಅಂತ ಹಾಕಿ, ಕ್ರಾಸ್ಓವರ್ 80 ಹರ್ಟ್ಸ್ ಇಡಿ. ಆಗ ಅವುಗಳ ಬಾಸ್ ಸಬ್‌ವೂಫರ್‌ಗೆ ಹೋಗುತ್ತದೆ.

ಚಳ್ಳಕೆರೆ: ಹೊರದೇಶದಿಂದ ತರಿಸಿದರೆ ಕಸ್ಟಮ್ಸ್‌ನವರು ಎಷ್ಟು ಹಾಕ್ತಾರೆ?

ಮಂಡಿಪೇಟೆ: ಎಸ್ಎಸಿಡಿಯನ್ನು ಮನೆಯ ಡಿವಿಡಿ ಪ್ಲೇಯರ್‌ಗೆ ಹಾಕಿದೆ. ಎರಡೇ ಸ್ಪೀಕರ್ ಹಾಡಿತು.

ರಿಪೇರಿ ಅಣ್ಣ: ಹೈಬ್ರಿಡ್ ಎಸ್ಎಸಿಡಿಯಲ್ಲಿ ಎರಡು ಪದರ ಇರುತ್ತವೆ. ಒಂದು ಸಾಮಾನ್ಯ ಸಿಡಿ, ಅದು ಬರೀ ಸ್ಟೀರಿಯೊ. ನಾಲ್ಕು ಚಾನೆಲ್ ಇರುವುದು ಇನ್ನೊಂದು ಪದರದಲ್ಲಿ. ಅದನ್ನು ಓದಲು ಎಸ್ಎಸಿಡಿ ಗುರುತಿರುವ ಪ್ಲೇಯರೇ ಬೇಕು. ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿ. ಆಪ್ಟಿಕಲ್ ಕೇಬಲ್‌ನಲ್ಲಿ ಆ ಪದರದ ಸರೌಂಡ್ ಬರುವುದಿಲ್ಲ.

ಜೋಗಿಮಟ್ಟಿ: ಅಣ್ಣಾ, ಚಿತ್ರದುರ್ಗದಿಂದ. ಒಂದು ವಿಚಿತ್ರ ತೊಂದರೆ. ಸ್ಟೀರಿಯೊ ಸಿಡಿ ಹಾಕಿದರೆ ಬಾಸ್ ಗಟ್ಟಿಯಾಗಿದೆ. ಅದೇ ಆಲ್ಬಮ್ಮಿನ ಕ್ವಾಡ್ ಡಿಸ್ಕ್ ಹಾಕಿದರೆ ಬಾಸ್ ಮಾಯ. ನಡುವೆ ಕೂತರೆ ಏನೂ ಇಲ್ಲ, ಎದ್ದು ಬಲಗಡೆ ಹಿಂದಿನ ಮೂಲೆಗೆ ಹೋದರೆ ಸ್ವಲ್ಪ ಬರುತ್ತದೆ. ನಾಲ್ಕೂ ಒಂದೇ ಥರದ ದೊಡ್ಡ ಸ್ಪೀಕರ್. ಎರಡು ಡಿಸ್ಕ್‌ನಲ್ಲಿ ಹೀಗೇ ಆಯಿತು. ಮಿಕ್ಸೇ ಕೆಟ್ಟದ್ದು ಅಂತ ವಾಪಸ್ ಕಳಿಸೋಣ ಅಂತಿದ್ದೀನಿ.

ರಿಪೇರಿ ಅಣ್ಣ: ಕಳಿಸಬೇಡಿ. ಒಳ್ಳೆಯ ಪ್ರಶ್ನೆ ಕೇಳಿದಿರಿ, ಮೂಲೆಗೆ ಹೋದರೆ ಬರುತ್ತದೆ ಅಂದಿದ್ದರಲ್ಲೇ ಅರ್ಧ ಉತ್ತರ ಇದೆ. ಹಿಂದಿನ ಬಲ ಸ್ಪೀಕರ್‌ನ ಪ್ಲಸ್ಸು ಮೈನಸ್ಸು ಅದಲುಬದಲಾಗಿರಬೇಕು. ಮಿಕ್ಕ ಮೂರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಅದೊಂದು ಹಿಂದಕ್ಕೆ ಎಳೆಯುತ್ತದೆ. ಸ್ಟೀರಿಯೊದಲ್ಲಿ ಹಿಂದಿನವು ಹಾಡುವುದೇ ಇಲ್ಲ, ಹಾಗಾಗಿ ನಿಮಗೆ ಗೊತ್ತಾಗಲಿಲ್ಲ. ಸಿನಿಮಾದಲ್ಲೂ ಹಿಂದಿನಿಂದ ಹೆಚ್ಚಾಗಿ ಮಳೆ, ಗಾಳಿ, ಚಪ್ಪಾಳೆ ಅಷ್ಟೇ. ಕ್ವಾಡ್‌ನಲ್ಲಿ ಹಾಗಲ್ಲ. ಬಾಸ್ ಗಿಟಾರ್, ಡ್ರಮ್ ನಾಲ್ಕೂ ಮೂಲೆಗೆ ಬರಬಹುದು. ಒಂದು ತಪ್ಪು ತಂತಿ ಇಡೀ ಡಿಸ್ಕಿನ ಹೊಟ್ಟೆ ಖಾಲಿ ಮಾಡುತ್ತದೆ.

ಹೀಗೆ ನೋಡಿ. ಮೊದಲು ಆಂಪ್ಲಿಫೈಯರ್ ಆಫ್ ಮಾಡಿ. ಹಿಂದಿನ ಬಲ ಸ್ಪೀಕರ್ ತಂತಿ ತೆಗೆದಿಡಿ, ತುದಿಗಳು ಒಂದಕ್ಕೊಂದು ತಾಗಬಾರದು. ಈಗ ಆನ್ ಮಾಡಿ ಅದೇ ಹಾಡು ಕೇಳಿ. ಒಂದು ಸ್ಪೀಕರ್ ಕಮ್ಮಿಯಾದರೂ ಬಾಸ್ ಜಾಸ್ತಿಯಾದರೆ ತಪ್ಪು ಅಲ್ಲೇ ಇದೆ.

ಆಮೇಲೆ ಖಾತ್ರಿ ಮಾಡಿಕೊಳ್ಳಿ. ಮತ್ತೆ ಆಫ್ ಮಾಡಿ, ನಾಲ್ಕೂ ತಂತಿಯನ್ನು ಆಂಪ್ಲಿಫೈಯರ್ ಕಡೆಯಿಂದ ಬಿಡಿಸಿ. ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ ತಗೊಂಡು ಪ್ಲಸ್ಸನ್ನು ಕೆಂಪು ತಂತಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ಮುಟ್ಟಿಸಿ. ವೂಫರ್‌ನ, ಅಂದರೆ ಬಾಸ್ ಕೊಡುವ ದೊಡ್ಡ ಸ್ಪೀಕರ್‌ನ, ಕೋನ್ ಹೊರಗೆ ಚಿಮ್ಮಬೇಕು. ಒಳಗೆ ಹೋದರೆ ಉಲ್ಟಾ. ನಾಲ್ಕಕ್ಕೂ ಮಾಡಿ. ಕೆಲವು ಸಲ ಹೊರಗೆ ಎಲ್ಲ ಸರಿಯಿದ್ದು, ಹಿಂದೆ ಯಾರೋ ಕೋನ್ ಬದಲಿಸುವಾಗ ಪೆಟ್ಟಿಗೆ ಒಳಗೆ ತಪ್ಪು ಬೆಸುಗೆ ಹಾಕಿರುತ್ತಾರೆ. ತಂತಿಯ ಬಣ್ಣ ನಂಬಬೇಡಿ, ಕೋನ್ ನೋಡಿ.

ಜೋಗಿಮಟ್ಟಿ: ಆ ಸ್ಪೀಕರ್‌ಗೇ ಹೋದ ವರ್ಷ ಕೋನ್ ಹಾಕಿಸಿದ್ದೆ! ಈಗಲೇ ನೋಡ್ತೀನಿ.

ಹೊಳಲ್ಕೆರೆ: ಗೀರು ಬಿದ್ದ ಡಿಸ್ಕ್‌ಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೊಸದಾಗುತ್ತಂತೆ. ಅದಕ್ಕೂ ಹೋಗದಿದ್ದರೆ ಒಂದು ರಾತ್ರಿ ಫ್ರಿಜ್‌ನಲ್ಲಿ ಇಡಬೇಕಂತೆ. ಬೇರೆ ಗುಂಪಲ್ಲಿ ಬಂದಿತ್ತು, ಉಪಯೋಗವಾಗಲಿ ಅಂತ ಹಾಕಿದ್ದೀನಿ.

ರಿಪೇರಿ ಅಣ್ಣ: ದಯವಿಟ್ಟು ಅದನ್ನು ಅಳಿಸಿ. ಸಿಡಿಯಲ್ಲಿ ಹಾಡು ಇರುವ ಪದರದ ಮೇಲೆ ಸುಮಾರು 1.2 ಮಿಲಿಮೀಟರ್ ಪ್ಲಾಸ್ಟಿಕ್ ಇದೆ. ಬ್ಲೂ-ರೇಯಲ್ಲಿ ಇರುವುದು 0.1 ಮಿಲಿಮೀಟರ್ ಅಷ್ಟೇ. ಅದನ್ನು ಕಾಯುವ ಗಟ್ಟಿ ಲೇಪವನ್ನು ಟೂತ್‌ಪೇಸ್ಟ್ ಕೆರೆದು ಹಾಕುತ್ತದೆ. ಎರಡು ತಿಂಗಳ ಹಿಂದೆ ಹೀಗೇ ಉಜ್ಜಿದ ಡಿಸ್ಕ್ ತಂದು ಒಬ್ಬರು ನನ್ನ ಮುಂದೆ ಇಟ್ಟರು. ನನ್ನಿಂದ ಏನೂ ಮಾಡಲಾಗಲಿಲ್ಲ. ಫ್ರಿಜ್ಜಿಂದ ತೆಗೆದರೆ ತೇವ ಕೂರುತ್ತದೆ, ಗೀರು ಹೋಗುವುದಿಲ್ಲ. ಧೂಳು ಇದ್ದರೆ ಮೆತ್ತಗಿನ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಗುಂಡಗೆ ತಿರುಗಿಸಬೇಡಿ.

ನಿಟ್ಟುವಳ್ಳಿ: ಸೆಂಟರ್ ಸ್ಪೀಕರ್ ಕೆಲಸ ಮಾಡ್ತಿಲ್ಲ ಸರ್.

ರಿಪೇರಿ ಅಣ್ಣ: ಹರಿಹರದವರಿಗೆ ಉತ್ತರಿಸಿದ್ದೇನೆ.

ಹಳೇಪೇಟೆ: ಈ ಡಿಸ್ಕ್‌ಗಳೆಲ್ಲ ಯಾಕ್ರೀ? ನಿಜವಾದ ಕ್ವಾಡ್ ಅಂದರೆ ಪ್ಲೇಟು. ನನ್ನ ಹತ್ತಿರ ಸಿಡಿ-4 ಪ್ಲೇಟು, ಅಂದರೆ ನಾಲ್ಕು ಚಾನೆಲ್ಲಿನ ಗ್ರಾಮಫೋನ್ ಪ್ಲೇಟು, ಎಂಟಿವೆ.

ಭರಮಸಾಗರ: ಅದನ್ನು ಯಾವ ಸೂಜಿಯಲ್ಲಿ ಕೇಳ್ತಿದ್ದೀರಿ? ಸಿಡಿ-4ರಲ್ಲಿ ಹಿಂದಿನ ಚಾನೆಲ್ ಬಿಡಿಸುವ ಸಿಗ್ನಲ್ 30 ಕಿಲೋಹರ್ಟ್ಸ್ ಮೇಲೆ ಕೂತಿರುತ್ತೆ. ಅದನ್ನು ಓದಲು ಶಿಬಾಟಾ ಥರದ ವಿಶೇಷ ತುದಿಯ ಸೂಜಿ ಬೇಕು, ಅದನ್ನು ಬಿಡಿಸಲು ಡಿಮಾಡ್ಯುಲೇಟರ್ ಬೇಕು. ಇವೆರಡೂ ಇಲ್ಲ ಅಂದರೆ ನೀವು ಕೇಳ್ತಿರೋದು ಸ್ಟೀರಿಯೊ.

ಹಳೇಪೇಟೆ: ನೀವು ಹುಟ್ಟುವ ಮೊದಲಿಂದ ಕೇಳ್ತಿದ್ದೀನಿ. ಪಾಠ ಬೇಡ.

ಭರಮಸಾಗರ: ಪಾಠ ಅಲ್ಲ. ಭಾರದ ಸೂಜಿಯಲ್ಲಿ ಅಷ್ಟು ವರ್ಷ ಆಡಿಸಿದ್ದರೆ ಆ ಸಿಗ್ನಲ್ ಸವೆದೇ ಹೋಗಿರುತ್ತೆ. ಈಗಿನ ಡಿಸ್ಕ್ ಮೂಲ ನಾಲ್ಕು ಟ್ರ್ಯಾಕ್ ಟೇಪಿನಿಂದ ಬರುತ್ತೆ. ಯಾವುದು ನಿಜವಾದ್ದು ನೀವೇ ಹೇಳಿ.

ಹಳೇಪೇಟೆ: ಅಣ್ಣ, ಇವರಿಗೆ ನೀವೇ ಹೇಳಿ.

ರಿಪೇರಿ ಅಣ್ಣ: ಸೂಜಿಯ ವಿಷಯದಲ್ಲಿ ಅವರು ಹೇಳಿದ್ದು ಸರಿ. ಅಷ್ಟು ಹಳೇ ಪ್ಲೇಟು ಜೋಪಾನ ಮಾಡಿದ್ದೀರಿ, ಅದು ದೊಡ್ಡ ವಿಷಯ. ಸರಿಯಾದ ಸೂಜಿ ಸಿಗುವ ತನಕ ಆಡಿಸಬೇಡಿ, ಉಳಿದಷ್ಟಾದರೂ ಉಳಿಯಲಿ.

ಹಳೇಪೇಟೆ: ಇನ್ನು ಈ ಗುಂಪಲ್ಲಿ ನಾನು ಬರೆಯಲ್ಲ.

ಅಡ್ಮಿನ್: ಹಿರಿಯರಿಗೆ ಸ್ವಲ್ಪ ಗೌರವ ಕೊಟ್ಟು ಮಾತಾಡಿ. ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ವಿದ್ಯಾನಗರ: ಹಾಗಾದರೆ ನಿಜವಾದ ಕ್ವಾಡ್ ಡಿಸ್ಕ್ ಯಾರು ತರ್ತಾರೆ ಅಣ್ಣ?

ರಿಪೇರಿ ಅಣ್ಣ: ಇಂಗ್ಲೆಂಡಿನ ಡಟನ್ ವೊಕೇಲಿಯನ್‌ನವರು ಎಸ್ಎಸಿಡಿಯಲ್ಲಿ ತರುತ್ತಾರೆ, ಒಂದೇ ಡಿಸ್ಕ್‌ನಲ್ಲಿ ಎರಡು ಆಲ್ಬಮ್ ಹಾಕುವುದೂ ಉಂಟು. ಅಮೆರಿಕದ ರೈನೊದವರು ‘ಕ್ವಾಡಿಯೊ’ ಅನ್ನುವ ಹೆಸರಲ್ಲಿ ಬ್ಲೂ-ರೇ ತರುತ್ತಾರೆ. 2016ರಲ್ಲಿ ಶಿಕಾಗೊ ತಂಡದ ಒಂಬತ್ತು ಆಲ್ಬಮ್ ಒಂದೇ ಬಾಕ್ಸ್‌ನಲ್ಲಿ ಕೊಟ್ಟರು.

ಚಳ್ಳಕೆರೆ: ಕಸ್ಟಮ್ಸ್ ಬಗ್ಗೆ ಯಾರೂ ಹೇಳಲಿಲ್ಲ.

ಹರಪನಹಳ್ಳಿ ರಸ್ತೆ: ರೀಜನ್ ಕೋಡ್ ತೊಂದರೆ ಆಗುತ್ತಾ? ಕನ್ನಡ ಹಾಡಿನ ಕ್ವಾಡ್ ಡಿಸ್ಕ್ ಇದೆಯಾ?

ರಿಪೇರಿ ಅಣ್ಣ: ಯಾವ ದೇಶದ ಪ್ಲೇಯರ್‌ನಲ್ಲಿ ಓಡುತ್ತದೆ ಅನ್ನುವುದೇ ರೀಜನ್ ಕೋಡ್. ಬ್ಲೂ-ರೇಗೆ ನಮ್ಮ ದೇಶದ್ದು ‘ಸಿ’. ಡಬ್ಬಿಯ ಹಿಂದೆ ನೋಡಿ ಖರೀದಿಸಿ.

ಜೋಗಿಮಟ್ಟಿ: ಅಣ್ಣಾ! ಕೋನ್ ಒಳಗೆ ಹೋಯಿತು! ತಂತಿ ಬದಲಿಸಿದೆ. ಕಿಟಕಿ ಗಾಜು ನಡುಗುತ್ತಿದೆ. ಮನೆಯವರೆಲ್ಲ ಬಂದು ನಡುವೆ ಕೂತಿದ್ದಾರೆ.

ರಿಪೇರಿ ಅಣ್ಣ: ತುಂಬಾ ಸಂತೋಷ. ಈಗ ನಾಲ್ಕರ ದನಿಯೂ ಕೂತ ಜಾಗಕ್ಕೆ ಒಂದೇ ಸಮ ಬರುವ ಹಾಗೆ ಲೆವೆಲ್ ಹೊಂದಿಸಿ. ಹಿಂದಿನದನ್ನು ಜಾಸ್ತಿ ಮಾಡಬೇಡಿ.

ಹೊಳಲ್ಕೆರೆ: ಟೂತ್‌ಪೇಸ್ಟ್ ನಮ್ಮ ಭಾವನಿಗೆ ಕೆಲಸ ಮಾಡಿದೆ ಅಂತಾರೆ.

ರಿಪೇರಿ ಅಣ್ಣ: ಹಾಗಾದರೆ ಭಾವನನ್ನೇ ಕೇಳಿ. ನಾನು ಹೇಳಿಯಾಯಿತು.

ಎಂಸಿಸಿ ಬಿ ಬ್ಲಾಕ್: ಅಣ್ಣ, ತಡವಾಯಿತು, ಕ್ಷಮಿಸಿ. ಅಮೆರಿಕದಿಂದ ನಮ್ಮ ಚಿಕ್ಕಪ್ಪ 1974ರ ಕ್ವಾಡ್ ರಿಸೀವರ್ ತಂದುಕೊಟ್ಟಿದ್ದಾರೆ. ಪಿನ್ ಅಡಾಪ್ಟರ್ ಸಿಕ್ಕಿತು. ಈಗ ಹಾಕಿ ನೋಡ್ತೀನಿ.

ರಿಪೇರಿ ಅಣ್ಣ: ಹಾಕಬೇಡಿ! ಅಡಾಪ್ಟರ್ ಪಿನ್ನನ್ನು ಮಾತ್ರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ಅದು 120 ವೋಲ್ಟ್ ಸೆಟ್ಟು, ನಮ್ಮದು 230. ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ, ಬೆಂಕಿಯೂ ಹತ್ತಬಹುದು. ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದೂ ನೇರವಾಗಿ ಅಲ್ಲ, ಇಷ್ಟು ವರ್ಷ ಕೂತ ಸೆಟ್ಟಿಗೆ ಮೊದಲು ಸೀರೀಸ್ ಬಲ್ಬ್ (ಕರೆಂಟ್ ಜಾಸ್ತಿ ಹರಿಯದಂತೆ ದಾರಿಯಲ್ಲಿ ಜೋಡಿಸುವ ಬಲ್ಬ್) ಹಾಕಿ ನೋಡಬೇಕು. ಓದಿದಿರಾ?

ರಿಪೇರಿ ಅಣ್ಣ: ಓದಿದಿರಾ?

ಎಂಸಿಸಿ ಬಿ ಬ್ಲಾಕ್: ಓದಿದೆ ಅಣ್ಣ. ಹಾಕಿಲ್ಲ, ಪ್ಲಗ್ ಕೈಯಲ್ಲೇ ಇದೆ.

ರಿಪೇರಿ ಅಣ್ಣ: ಕೆಳಗಿಡಿ. ನಾಳೆ ಹತ್ತು ಗಂಟೆಗೆ ಅಂಗಡಿಗೆ ತನ್ನಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ, ಭಾರ ಇರುತ್ತದೆ.